ಪೊರಿ ಹಣ್ಣಾಗಲಿ ತಡಿ

ಹೋದ ಚಳಿಗಾಲದಲ್ಲಿ ಅವ್ವನನ್ನು ಕರೆದುಕೊಂಡು ಮಿರಜದ ಒಂದು ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಜತ್ತ ತಾಲೂಕಿನವರಿಗೆ ದವಾಖಾನಿ ಅಂದರೆ ಮೊದಲು ನೆನಪಾಗುವುದೇ ಮಿರಜ. ಉಮದಿ, ಸಂಖ ಕಡೆಯವರು ವಿಜಯಪುರಕ್ಕೂ ಹೋಗುತ್ತಾರೆ. ಆದರೆ ಜಡ್ಡು ದೊಡ್ಡದು ಅಂತಾದರೆ "ಮಿರಜಕ್ಕ ಒಯ್ರಿ" ಅನ್ನುವ ಮಾತು ನಮ್ಮ ಮನೆಗಳಲ್ಲಿ ಮೂರು ತಲೆಮಾರಿನಿಂದ ನಡೆದು ಬಂದಿದೆ.

ಡಾಕ್ಟರು ಅವ್ವನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ಎರಡೂ ಕಣ್ಣು ನೋಡಿದರು. ಆಮೇಲೆ ಕಣ್ಣಿನ ಒತ್ತಡ ಅಳೆಸಿದರು. "ಆಜಿ, ಎಷ್ಟು ದಿವಸದಿಂದ ಕಾಣುತ್ತಿಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ಅವ್ವನಿಗೆ ಮರಾಠಿ ತಿಳಿಯುತ್ತದೆ, ಆಡಲು ಬರುವುದಿಲ್ಲ. ಕನ್ನಡದಲ್ಲೇ ಹೇಳಿದಳು.

"ಎರಡ ವರ್ಷ ಆತ್ರಿ. ಪೊರಿ ಇನ್ನೂ ಹಣ್ಣ ಆಗ್ಲಿ ಅಂತ ತಡದಿದ್ವಿ."

ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಗುರೂಜಿ, ಇದು ಯಾರು ಹೇಳಿದ್ದು?"

ನಾನೇ ಹೇಳಿದ್ದೆ. ಎರಡು ವರ್ಷದ ಹಿಂದೆ ಜೋಳದಲ್ಲಿ ಹರಳು ಕಾಣುತ್ತಿಲ್ಲ ಎಂದು ಅವ್ವ ಅಂದಾಗ, ಪರೀಕ್ಷೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ದಿನ ತಳ್ಳಿ, ಕೊನೆಗೆ "ಹಣ್ಣ ಆಗ್ಲಿ ತಡಿ ಅವ್ವಾ" ಅಂದವನು ನಾನು. ಎಂಟನೆಯ ಇಯತ್ತೆಗೆ ಮಸೂರದ ಪಾಠ ಮಾಡುವವನು. ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವವನು.

ದೀಪಾವಳಿಯ ಹೊತ್ತಿಗೆ ಅವ್ವನಿಗೆ ಎರಡು ದಿನ ವಿಪರೀತ ತಲೆನೋವು, ವಾಂತಿ. ಎಡಗಣ್ಣು ಕೆಂಪಾಗಿತ್ತು. ಹಬ್ಬದ ಊಟಕ್ಕೆ ಪಿತ್ತ ಆಗಿದೆ ಎಂದು ಗುಳಿಗೆ ತಂದುಕೊಟ್ಟೆವು. ಅದು ಪಿತ್ತ ಆಗಿರಲಿಲ್ಲ. ಪೊರೆ ಬಂದ ಮಸೂರ ಊದಿಕೊಂಡು ಕಣ್ಣಿನೊಳಗಿನ ನೀರು ಹರಿಯುವ ದಾರಿ ಕಟ್ಟಿ, ಒತ್ತಡ ಏರಿತ್ತು. ಆ ಒತ್ತಡಕ್ಕೆ ಎಡಗಣ್ಣಿನ ನರ ಸೊರಗಿದೆ, ಅದು ಪೂರ್ತಿ ಬರುವುದಿಲ್ಲ, ಬಲಗಣ್ಣು ಚೆನ್ನಾಗಿ ಬರುತ್ತದೆ ಎಂದು ಡಾಕ್ಟರು ಸಿಟ್ಟು ಮಾಡದೆ ತಿಳಿಸಿದರು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಪರೇಷನ್ ದಿನ ಹೊರಗಿನ ಬೆಂಚಿನ ಮೇಲೆ ಕುಳಿತಾಗ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ. ಈ "ಹಣ್ಣಾಗುವ" ಮಾತು ಎಲ್ಲಿಂದ ಬಂತು? ಯಾರೋ ತಿಳಿಯದವರು ಹುಟ್ಟಿಸಿದ ಮಾತು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಂತೆ ಬೇರೆಯೇ ಕಥೆ ತೆರೆದುಕೊಂಡಿತು. ಇದು ಒಂದು ಕಾಲಕ್ಕೆ ಡಾಕ್ಟರುಗಳೇ ಹೇಳುತ್ತಿದ್ದ ಮಾತು, ಆ ಕಾಲಕ್ಕೆ ಸರಿಯಾದ ಮಾತು.

ನಮ್ಮ ದೇಶದಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಹಳೆಯ ವಿವರ ಇರುವುದು ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ. ಜವೆಗೋದಿಯ ಕಾಳಿನ ತುದಿಯಂಥ ಮೊನೆಯುಳ್ಳ ಶಲಾಕೆಯಿಂದ ಕಣ್ಣಿನ ಬಿಳಿಭಾಗದಲ್ಲಿ ಚುಚ್ಚಿ, ನೋಟಕ್ಕೆ ಅಡ್ಡವಾದದ್ದನ್ನು ದಾರಿಯಿಂದ ಸರಿಸುವ ವಿಧಾನ ಅದು. ಆಮೇಲೆ ತುಪ್ಪದಲ್ಲಿ ನೆನೆಸಿದ ಹತ್ತಿಯ ಪಟ್ಟಿ, ಅಲುಗಾಡದೆ ಮಲಗುವುದು, ಸೀನು ಕೆಮ್ಮು ಬಾರದಂತೆ ನೋಡಿಕೊಳ್ಳುವುದು. ಅಲ್ಲಿಯೇ ಒಂದು ಎಚ್ಚರಿಕೆಯೂ ಇದೆ: ದೋಷ ಇನ್ನೂ ಎಳೆಯದಿದ್ದಾಗ ಚುಚ್ಚಿದರೆ ಅದು ಮರಳಿ ಬರುತ್ತದೆ. ಅಂದರೆ ನಾನು ಅವ್ವನಿಗೆ ಹೇಳಿದ ಮಾತಿನ ಬೇರು ಸಾವಿರಾರು ವರ್ಷ ಹಳೆಯದು!

ಈ ವಿಧಾನದಲ್ಲಿ ಪೊರೆಯನ್ನು ತೆಗೆಯುವುದಿಲ್ಲ, ಕಣ್ಣಿನೊಳಗೇ ಹಿಂದಕ್ಕೆ ಕೆಡವುತ್ತಾರೆ ಅಷ್ಟೆ. ಬೆಳಕಿಗಿದ್ದ ಅಡ್ಡಿ ಹೋಗುವುದರಿಂದ ರೋಗಿಗೆ ಆ ಕ್ಷಣವೇ ಕಾಣುತ್ತದೆ. ಊರೂರು ತಿರುಗುವ ಕಣ್ಣುವೈದ್ಯರಿಗೆ ಇಷ್ಟು ಸಾಕಾಗಿತ್ತು. ಬೆರಳು ತೋರಿಸಿ "ಎಷ್ಟು?" ಎಂದು ಕೇಳಿ, ಹಣ, ಕಾಳು ಪಡೆದು ಮುಂದಿನ ಊರಿಗೆ ಹೋಗಿಬಿಡುತ್ತಿದ್ದರು. ವಾರ, ತಿಂಗಳಲ್ಲಿ ಕಣ್ಣು ಕೀವಾಗಿಯೋ ಒತ್ತಡ ಏರಿಯೋ ಹಾಳಾದರೆ ಕೇಳಲು ಅವರು ಇರುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನ ಬಂದ ಮೇಲೂ ಭಾರತದ ಹಳ್ಳಿಗಳಲ್ಲಿ ಇದು ನಡೆದೇ ಇತ್ತು.

ಪೊರೆಯನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವುದನ್ನು ಒಂದು ಕ್ರಮವಾಗಿ ರೂಢಿಗೆ ತಂದವನು ಫ್ರಾನ್ಸಿನ ಜಾಕ್ ಡೇವಿಯೆಲ್, 1747ರಲ್ಲಿ. ಕಣ್ಣಿನ ಮುಂಭಾಗವನ್ನು ಅರ್ಧ ಸುತ್ತು ಕೊಯ್ದು, ಮಸೂರದ ಚೀಲವನ್ನು ಹರಿದು, ಒಳಗಿನದನ್ನು ಒತ್ತಿ ಹೊರಕ್ಕೆ ತರುವುದು. ಅರಿವಳಿಕೆ ಇಲ್ಲದ ಕಾಲ ಅದು. ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಬಹುದು ಎಂದು ಕಾರ್ಲ್ ಕೊಲ್ಲರ್ ತೋರಿಸಿದ್ದು 1884ರಲ್ಲಿ. ನಡುವಿನ 137 ವರ್ಷ ರೋಗಿಗಳು ಹೇಗೆ ತಡೆದುಕೊಂಡರೋ, ನೆನೆದರೆ ಮೈ ನಡುಗುತ್ತದೆ.

"ಹಣ್ಣು" ಅನ್ನುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಕಣ್ಣಿನ ಮಸೂರಕ್ಕೆ ಮಾವಿನ ಹಣ್ಣಿನ ಹಾಗೆ ಮೇಲೊಂದು ತೆಳು ಸಿಪ್ಪೆ, ಒಳಗೆ ಮೆತ್ತನೆಯ ತಿರುಳು, ನಡುವೆ ಗಟ್ಟಿ ಗೊರಟೆ ಇದೆ ಅಂದುಕೊಳ್ಳಿ. ಪೊರೆ ಎಳೆಯದಿದ್ದಾಗ ತಿರುಳು ಅಂಟಂಟು. ಗೊರಟೆಯನ್ನು ಒತ್ತಿ ತೆಗೆದರೂ ತಿರುಳಿನ ಚೂರು ಸಿಪ್ಪೆಗೆ ಹತ್ತಿಕೊಂಡು ಒಳಗೇ ಉಳಿಯುತ್ತದೆ. ಉಳಿದದ್ದು ಉರಿಯೂತ ಮಾಡಿ ಕಣ್ಣು ಕೆಡಿಸುತ್ತದೆ. ಪೂರ್ತಿ ಬಲಿತ ಮೇಲೆ ತಿರುಳು ಸಡಿಲಾಗಿ ಸಲೀಸಾಗಿ ಬರುತ್ತದೆ. ಆದ್ದರಿಂದ ತಡೆಯಿರಿ ಎಂದು ಹೇಳುತ್ತಿದ್ದರು. ಬರಿಗಣ್ಣಿಗೆ ಮುತ್ತಿನಂತೆ ಬೆಳ್ಳಗೆ ಕಂಡರೆ ಹಣ್ಣಾಯಿತು ಎಂದು ಲೆಕ್ಕ. ಮರಾಠಿಯ "ಮೋತಿಬಿಂದು" ಎಂಬ ಹೆಸರೂ ಈ ಹಂತವನ್ನೇ ಹೇಳುತ್ತದೆ. ನಮ್ಮ ಕನ್ನಡದ "ಪೊರೆ" ಇನ್ನೊಂದು ತಪ್ಪು ತಿಳುವಳಿಕೆ ಕೊಡುತ್ತದೆ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಕೆರೆದು ತೆಗೆದರಾಯಿತು ಎಂದು ನಮ್ಮ ಮಕ್ಕಳೂ ತಿಳಿದಿರುತ್ತಾರೆ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು ಅದು ಎಂದು ಪಾಠದಲ್ಲಿ ಒತ್ತಿ ಹೇಳಬೇಕಾಗುತ್ತದೆ.

ನಮ್ಮ ಕಡೆಗೆ ಈ ಚಿಕಿತ್ಸೆ ಬಂದದ್ದು ಮಿರಜದ ಮಿಶನ್ ದವಾಖಾನಿಯ ಮೂಲಕ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದವರು. ಮಿರಜದಲ್ಲಿ ಅವರ ಆಸ್ಪತ್ರೆ ತೆರೆದದ್ದು 1894ರಲ್ಲಿ. ಆಗ ಮಿರಜ ಒಂದು ಸಂಸ್ಥಾನ, ನಮ್ಮ ಜತ್ತ ಡಫಳೆಯವರ ಇನ್ನೊಂದು ಸಂಸ್ಥಾನ. ಪುಣೆ-ಲೋಂಡಾ ರೈಲುದಾರಿ ಮಿರಜದ ಮೇಲೆ ಹಾಯುತ್ತಿದ್ದುದರಿಂದ ಬೆಳಗಾವಿ ಕಡೆಯ ಕನ್ನಡಿಗರಿಗೂ ಅದು ಹತ್ತಿರವಾಯಿತು. ನಮ್ಮವರು ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ವಾನ್ಲೆಸ್ ಮಾಡಿದ ಪೊರೆಯ ಶಸ್ತ್ರಚಿಕಿತ್ಸೆಗಳೇ ಸಾವಿರಾರು. 1928ರಲ್ಲಿ ಅವರಿಗೆ ಸರ್ ಪದವಿ ಬಂತು, 1933ರಲ್ಲಿ ತೀರಿಕೊಂಡರು. ಸಾಂಗಲಿ-ಮಿರಜ ನಡುವಿನ ವಾನ್ಲೆಸ್‌ವಾಡಿಗೆ ಹೆಸರು ಬಂದದ್ದು ಇವರಿಂದಲೇ.

ಅದೇ ಸುಮಾರಿಗೆ ಪಂಜಾಬಿನ ಜಾಲಂಧರದಲ್ಲಿ ಹೆನ್ರಿ ಸ್ಮಿತ್ ಎಂಬ ಡಾಕ್ಟರು ಮಸೂರವನ್ನು ಸಿಪ್ಪೆ ಸಮೇತ ಇಡಿಯಾಗಿ ತೆಗೆಯುವುದರಲ್ಲಿ ಜಗತ್ತಿಗೇ ಹೆಸರಾದರು. ಇಡಿಯಾಗಿ ತೆಗೆದ ಮೇಲೆ ತಿರುಳು ಉಳಿಯುವ ಭಯವಿಲ್ಲ. ಹಾಗಾದರೆ ಹಣ್ಣಾಗಲು ಕಾಯುವುದೂ ಬೇಕಿರಲಿಲ್ಲವಲ್ಲ? ಆದರೂ ಕಾಯಿಸುತ್ತಿದ್ದರು, ಅದಕ್ಕೆ ಕಾರಣ ಚಷ್ಮಾ.

ಮಸೂರ ತೆಗೆದ ಕಣ್ಣಿಗೆ ಹತ್ತು ನಂಬರಿನ ಆಸುಪಾಸಿನ ದಪ್ಪ ಗಾಜು ಬೇಕು. ನಾವು ಸೋಡಾ ಬುಡ್ಡಿ ಅನ್ನುತ್ತಿದ್ದೆವಲ್ಲ, ಅದೇ. ಅದರಲ್ಲಿ ಎಲ್ಲವೂ ಸುಮಾರು ಕಾಲುಭಾಗ ದೊಡ್ಡದಾಗಿ ಕಾಣುತ್ತದೆ. ಒಂದು ಕಣ್ಣಿಗೆ ಆಪರೇಷನ್ ಆಗಿ ಇನ್ನೊಂದು ಇನ್ನೂ ಕಾಣುತ್ತಿದ್ದರೆ ಒಂದು ದೊಡ್ಡ ಚಿತ್ರ, ಒಂದು ಸಣ್ಣ ಚಿತ್ರ. ಮಿದುಳಿಗೆ ಇವೆರಡನ್ನೂ ಕೂಡಿಸಲಾಗುವುದಿಲ್ಲ, ಎರಡೆರಡು ಕಾಣುತ್ತದೆ. ಆದ್ದರಿಂದ ಎರಡೂ ಕಣ್ಣು ಮಂದವಾಗಿ, ಕೋಲು ಹಿಡಿಯುವ ಸ್ಥಿತಿ ಬಂದ ಮೇಲೆಯೇ ಆಪರೇಷನ್ನಿನಿಂದ ನಿಜವಾದ ಲಾಭ.

ಇನ್ನು ಕ್ಯಾಂಪುಗಳ ಕಾಲ. ಕನ್ನಡಿಗರಿಗೆ ಕಣ್ಣಿನ ಕ್ಯಾಂಪು ಎಂದರೆ ಡಾ. ಎಂ.ಸಿ. ಮೋದಿ. ಬೀಳಗಿಯವರು, ಹುಟ್ಟಿದ್ದು 1916ರಲ್ಲಿ. ಬೀಳಗಿ ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ಹಾಗಾಗಿ ನಮ್ಮ ನೆರೆಯವರೇ. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಲಿ ಎಂಬುದು ಅವರ ದಾರಿ. ಶಾಲೆ, ಧರ್ಮಶಾಲೆಗಳೇ ವಾರ್ಡು. ಸಾಲಾಗಿ ಮೇಜುಗಳು, ಸಹಾಯಕರು ರೋಗಿಯನ್ನು ಸಿದ್ಧಮಾಡಿ ಇಡುವುದು, ಡಾಕ್ಟರು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುವುದು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರ ಹೆಸರಿನಲ್ಲಿ ಗಿನ್ನೆಸ್ ಪುಸ್ತಕ ಸೇರಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 2005ರಲ್ಲಿ ತೀರಿಕೊಂಡರು. ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಇವರ ಹೆಸರೇ ಗೊತ್ತಿಲ್ಲ ಎಂಬುದು ನನ್ನ ಹಳೆಯ ಕೊರಗು.

ಕ್ಯಾಂಪು ಎಂದರೆ ವರ್ಷಕ್ಕೊಮ್ಮೆ ಬರುವ ಜಾತ್ರೆಯ ಹಾಗೆ. ಸಾವಿರ ಜನ ಸೇರಿದರೆ ಎಲ್ಲರಿಗೂ ಆಪರೇಷನ್ ಆಗದು. ಟಾರ್ಚು ಬಿಟ್ಟು ನೋಡಿ, ಬೆಳ್ಳಗಾದವರನ್ನು ಮೊದಲು ಆರಿಸಬೇಕು. ಉಳಿದವರಿಗೆ "ಇನ್ನೂ ಹಣ್ಣಾಗಿಲ್ಲ, ಮುಂದಿನ ವರ್ಷ ಬಾ" ಎಂಬ ಉತ್ತರ. ನಮ್ಮ ಹಿರಿಯರು ಈ ಮಾತನ್ನು ಹೀಗೆ ಡಾಕ್ಟರ ಬಾಯಿಂದಲೇ ಕಲಿತರು.

ನನ್ನ ಆಯಿಗೂ ಹಾಗೇ ಆಯಿತು. ಎರಡು ಕ್ಯಾಂಪಿನಲ್ಲಿ ಮರಳಿ ಕಳಿಸಿ, ಮೂರನೆಯದರಲ್ಲಿ ಆಪರೇಷನ್ ಮಾಡಿದರಂತೆ. ನಾನಾಗ ಮೂರನೆಯ ಇಯತ್ತೆ. ಶಾಲೆಯ ಕೋಣೆಯಲ್ಲಿ ಸಾಲಾಗಿ ಚಾಪೆ, ಅದರ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕ ಮುದುಕಿಯರು. ತಲೆ ಅಲುಗದಂತೆ ಎರಡೂ ಕಡೆ ಉಸುಕಿನ ಚೀಲ. ಆಯಿ ಹಾಗೆ ಎಷ್ಟೋ ದಿನ ಅಂಗಾತ ಮಲಗಿದ್ದಳು, ಅಪ್ಪ ಚಮಚದಿಂದ ಅಂಬಲಿ ಕುಡಿಸುತ್ತಿದ್ದರು. ಅದು ಯಾರ ಕ್ಯಾಂಪೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಆಯಿ ಮಾತ್ರ ಕಣ್ಣಿನ ಡಾಕ್ಟರು ಯಾರೇ ಇರಲಿ, "ಮೋದಿ ಡಾಕ್ಟರ" ಎಂದೇ ಕರೆಯುತ್ತಿದ್ದಳು.

ಚಷ್ಮಾ ಬಂದ ಮೇಲೆ ಆಯಿ ಚಹಾವನ್ನು ಕಪ್ಪಿನ ಹೊರಗೆ ಸುರಿಯುತ್ತಿದ್ದಳು. ಬಾಗಿಲ ಚೌಕಟ್ಟು ಬಾಗಿದಂತೆ ಕಾಣುತ್ತದೆ ಅನ್ನುತ್ತಿದ್ದಳು. ಪಕ್ಕದಿಂದ ಬಂದವರು ಒಮ್ಮೆಲೆ ಎದುರಿಗೆ ಜಿಗಿದಂತಾಗಿ ಬೆಚ್ಚುತ್ತಿದ್ದಳು. ಆ ಗಾಜಿನ ಗುಣವೇ ಅದು. ನಮಗೆ ನಗೆ ಬರುತ್ತಿತ್ತು. ಮುಂದೆ ಗುಡ್ಡಾಪುರದ ದಾನಮ್ಮನ ಜಾತ್ರೆಯ ನೂಕುನುಗ್ಗಲಿನಲ್ಲಿ ಚಷ್ಮಾ ಬಿದ್ದು ಒಂದು ಗಾಜು ಒಡೆಯಿತು. ಆ ವರ್ಷ ಮಳೆ ಇರಲಿಲ್ಲ, ಕೈಯಲ್ಲಿ ಹಣವಿರಲಿಲ್ಲ. ಹೊಸ ಗಾಜು ಬರುವವರೆಗೆ ಎಂಟು ತಿಂಗಳು ಆಯಿ ಒಂದೇ ಗಾಜಿನಲ್ಲಿ, ಗೋಡೆ ಹಿಡಿದು ಓಡಾಡಿದಳು. ಆಪರೇಷನ್ ಆಗಿಯೂ ಚಷ್ಮಾ ಕಳೆದು, ಒಡೆದು ಮತ್ತೆ ಕುರುಡಾದವರು ಆ ಕಾಲದಲ್ಲಿ ಊರಿಗೆ ಒಬ್ಬಿಬ್ಬರಾದರೂ ಇದ್ದರು.

ಈ ಚಷ್ಮಾವನ್ನು ಕಣ್ಣಿನೊಳಗೇ ಇಟ್ಟುಬಿಟ್ಟರೆ? ಲಂಡನ್ನಿನ ಹೆರಾಲ್ಡ್ ರಿಡ್ಲಿ ಮಾಡಿದ್ದು ಅದನ್ನೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪರ್ಸ್ಪೆಕ್ಸ್ ಚೂರು ಕಣ್ಣಿಗೆ ಹೊಕ್ಕ ಪೈಲಟ್‌ಗಳನ್ನು ಅವರು ನೋಡಿದ್ದರು. ಆ ಚೂರು ಒಳಗೆ ಉಳಿದರೂ ಕಣ್ಣು ಕೆರಳುತ್ತಿರಲಿಲ್ಲ. ಅದೇ ಜಾತಿಯ ಪ್ಲಾಸ್ಟಿಕ್‌ನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಹೆಂಗಸೊಬ್ಬರ ಮೇಲೆ ಮೊದಲ ಆಪರೇಷನ್ ಮಾಡಿದರು. ಮಸೂರದ ನಂಬರು ವಿಪರೀತ ಹೆಚ್ಚಾಗಿ ಆಕೆಗೆ ದೂರದ್ದು ನೋಡಲು ದಪ್ಪ ಮೈನಸ್ ಕನ್ನಡಕವೇ ಬೇಕಾಯಿತಂತೆ. ಹಿರಿಯ ಡಾಕ್ಟರುಗಳು ರಿಡ್ಲಿಯನ್ನು ಬಹುಕಾಲ ಒಪ್ಪಲಿಲ್ಲ. ಸರ್ ಪದವಿ ಬಂದದ್ದು 2000ದಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ. ಅಷ್ಟರಲ್ಲಿ ಅವರ ಸ್ವಂತ ಕಣ್ಣುಗಳಲ್ಲೂ ಅಂಥದೇ ಮಸೂರ ಕೂತಿತ್ತು!

ಲಂಡನ್ನಿನ ಮಸೂರ ನಮ್ಮ ಬಡವರ ಕಣ್ಣಿಗೆ ಬರಲು ಇನ್ನೂ ನಾಲ್ಕು ದಶಕ ಹಿಡಿಯಿತು. ಮಧುರೈಯಲ್ಲಿ ಡಾ. ಗೋವಿಂದಪ್ಪ ವೆಂಕಟಸ್ವಾಮಿ ಸರಕಾರಿ ನೌಕರಿಯಿಂದ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಯ ಅರವಿಂದ ಕಣ್ಣಿನ ಆಸ್ಪತ್ರೆ ತೆರೆದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಅದೇ ಬೆರಳುಗಳಲ್ಲಿ ಕತ್ತಿ ಹಿಡಿಯುವುದನ್ನು ಹೊಸದಾಗಿ ಕಲಿತು ಆಪರೇಷನ್ ಮಾಡಿದವರು. ವಿದೇಶಿ ಮಸೂರ ದುಬಾರಿ ಎಂದು ಆ ಸಂಸ್ಥೆ 1992ರಲ್ಲಿ ಅರೋಲ್ಯಾಬ್ ಎಂಬ ಸ್ವಂತ ಕಾರ್ಖಾನೆ ಹಾಕಿತು. ನೂರು ಡಾಲರಿನ ಆಚೆಗಿದ್ದ ಮಸೂರ ಹತ್ತು ಡಾಲರಿನ ಸುತ್ತಮುತ್ತಲಿಗೆ ಇಳಿಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ರಿಡ್ಲಿಯ ದಿನದಷ್ಟೇ ದೊಡ್ಡದು ಇದು.

ಅಷ್ಟರಲ್ಲಿ ಕ್ಯಾಂಪುಗಳ ಕಾಲವೂ ಮುಗಿಯುತ್ತಾ ಬಂದಿತ್ತು. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾದ ಕ್ಯಾಂಪಿನಲ್ಲಿ ಸೋಂಕು ತಗುಲಿ 80ಕ್ಕೂ ಹೆಚ್ಚು ಜನರ ಕಣ್ಣು ಹಾಳಾದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1989ರಲ್ಲಿ ತೀರ್ಪು ಬಂತು. ಮುಂದೆ ಕ್ರಮೇಣ ಹಳ್ಳಿಯಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ ಎಂಬ ಪದ್ಧತಿ ಬಂತು.

ಇಲ್ಲಿ ಗಡಿಯ ಲೆಕ್ಕವೊಂದಿದೆ. 1994ರಿಂದ 2002ರವರೆಗೆ ವಿಶ್ವಬ್ಯಾಂಕಿನ ಸಾಲದಲ್ಲಿ ಪೊರೆ ನಿವಾರಣೆಯ ದೊಡ್ಡ ಯೋಜನೆ ಏಳು ರಾಜ್ಯಗಳಲ್ಲಿ ನಡೆಯಿತು. ಮಹಾರಾಷ್ಟ್ರ, ಆಂಧ್ರ, ತಮಿಳುನಾಡು ಅದರಲ್ಲಿದ್ದವು, ಕರ್ನಾಟಕ ಇರಲಿಲ್ಲ. ಯಾವಾಗಲೂ ಗಡಿಯ ಕಾರಣಕ್ಕೆ ಏನು ಕಳೆದುಕೊಂಡೆವು ಎಂದೇ ಬರೆಯುವ ನಾವು ಇದನ್ನೂ ಬರೆಯಬೇಕು. ಜತ್ತ, ಅಕ್ಕಲಕೋಟೆ, ಆದೋನಿ, ತಾಳವಾಡಿಯ ಕನ್ನಡ ಮುದುಕರು ಆ ಯೋಜನೆಯ ಒಳಗಿದ್ದರು. ದಪ್ಪ ಚಷ್ಮಾದಿಂದ ಒಳಮಸೂರಕ್ಕೆ ದೇಶ ಹೊರಳಿದ್ದೂ ಈ ವರ್ಷಗಳಲ್ಲೇ. 1986-89ರ ಸಮೀಕ್ಷೆಯಲ್ಲಿ ದೇಶದ ನೂರಕ್ಕೆ 1.49 ಜನ ಅಂಧರಿದ್ದರು, 2015-19ರ ಸಮೀಕ್ಷೆಯಲ್ಲಿ ಅದು 0.36ಕ್ಕೆ ಇಳಿದಿತ್ತು. ಆದರೂ ಐವತ್ತು ದಾಟಿದವರ ಅಂಧತ್ವದಲ್ಲಿ ಮೂರನೆಯ ಎರಡು ಪಾಲಿಗೆ ಈಗಲೂ ಪೊರೆಯೇ ಕಾರಣ. ಆ ಪಾಲಿನಲ್ಲಿ ನನ್ನ ಅವ್ವನಂಥವರು ಎಷ್ಟು ಜನರೋ.

ಒಳಮಸೂರ ಬಂದ ಮೇಲೆ ಕಾಯುವುದಕ್ಕೆ ಇದ್ದ ಕಾರಣಗಳೆಲ್ಲ ಬಿದ್ದುಹೋದವು. ತಿರುಳನ್ನು ನೀರು ಹಾಯಿಸಿ ಎಳೆದು ತೆಗೆಯುತ್ತಾರೆ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ ಹಲ್ಲು ಸ್ವಚ್ಛ ಮಾಡುವ ಯಂತ್ರ ನೋಡಿ, ಶ್ರವಣಾತೀತ ಕಂಪನದಿಂದ ಮಸೂರ ಪುಡಿಮಾಡುವ ವಿಧಾನ ತಂದರು. ಮೂರು ಮಿಲಿಮೀಟರಿನಷ್ಟು ಸೀಳು ಸಾಕು, ಹೊಲಿಗೆ ಇಲ್ಲ. ಈಗ ಲೆಕ್ಕ ತಿರುಗಿದೆ. ಬಲಿತಷ್ಟೂ ಗೊರಟೆ ಕಲ್ಲಾಗುತ್ತದೆ, ಪುಡಿಮಾಡಲು ಹೆಚ್ಚು ಕಂಪನ ಬೇಕು, ಅಕ್ಕಪಕ್ಕಕ್ಕೆ ಪೆಟ್ಟು. ತೀರಾ ಬಲಿತರೆ ಊದಿಕೊಂಡೋ ಸೋರಿಯೋ ಒತ್ತಡ ಏರಿಸುತ್ತದೆ, ಅವ್ವನಿಗೆ ಆದಂತೆ. ದಿನದ ಕೆಲಸಕ್ಕೆ ಅಡ್ಡಿಯಾಗತೊಡಗಿದಾಗಲೇ ತೆಗೆಸಬೇಕು ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಜೋಳದ ಹರಳು ಕಾಣದ ದಿನವೇ ಅವ್ವನ ಸಮಯವಾಗಿತ್ತು.

ಅವ್ವನಿಗೆ ಬಲಗಣ್ಣು ಮೊದಲು ಮಾಡಿದರು. ಗೊರಟೆ ಗಟ್ಟಿ ಇದ್ದುದರಿಂದ ಯಂತ್ರ ಬಿಟ್ಟು, ಸ್ವಲ್ಪ ದೊಡ್ಡ ಸೀಳಿನಿಂದ ಕೈಯಲ್ಲೇ ತೆಗೆದರು. ಒಳಗೆ ಹೋಗಿ ಬರಲು ಅರ್ಧ ತಾಸು. ಒಪ್ಪಿಗೆಯ ಕಾಗದ ಮರಾಠಿಯಲ್ಲಿತ್ತು, ಓದಿ ಹೇಳಿ ಅವ್ವನ ಹೆಬ್ಬೆಟ್ಟು ಹಾಕಿಸಿದೆ. ಒಳಗೆ ಕರೆದುಕೊಂಡು ಹೋಗುವಾಗ ನರ್ಸಬಾಯಿ "ಅಂಜಬ್ಯಾಡ ಬೇ ಯವ್ವಾ" ಎಂದಾಗ ಅವ್ವನ ಮುಖ ಅರಳಿತು. ಮರುದಿನ ಪಟ್ಟಿ ಬಿಚ್ಚಿದರು. ಆಯಿಯಂತೆ ಉಸುಕಿನ ಚೀಲದ ನಡುವೆ ಮಲಗಲಿಲ್ಲ, ಬಸ್ಸಿನಲ್ಲಿ ಕೂತು ಊರಿಗೆ ಬಂದಳು. ಒಂದೂವರೆ ತಿಂಗಳು ಹನಿ ಹಾಕಿದೆವು. ಎಡಗಣ್ಣಿಗೂ ಆಮೇಲೆ ಆಯಿತು. ಅದರಲ್ಲಿ ನಡುವಿನದು ಮಸುಕು, ಅಂಚಿನದು ಇಲ್ಲ. ಎಡಗಡೆ ಇಟ್ಟ ತಂಬಿಗೆ ಈಗಲೂ ಕೈತಾಗಿ ಉರುಳುತ್ತದೆ. "ಇರಲಿ ಬಿಡಪಾ, ಒಂದರ ಬಂತಲ್ಲ" ಅನ್ನುತ್ತಾಳೆ.

ಆಯಿಯ ಚಷ್ಮಾ ಟ್ರಂಕಿನಲ್ಲಿ ಇನ್ನೂ ಇತ್ತು. ಮಸೂರದ ಪಾಠಕ್ಕೆಂದು ಶಾಲೆಗೆ ಒಯ್ದೆ. ಹತ್ತು ಸೆಂಟಿಮೀಟರಿನಷ್ಟು ದೂರಕ್ಕೆ ಬಿಸಿಲು ಕೂಡಿಸಿ ಮಕ್ಕಳು ಕಾಗದ ಸುಟ್ಟರು, ಒಬ್ಬೊಬ್ಬರೇ ಹಾಕಿಕೊಂಡು ತೂರಾಡುತ್ತಾ ನಡೆದರು. ನಾಲ್ಕನೆಯ ದಿನ ಒಬ್ಬ ಹುಡುಗ ತನ್ನ ಮುತ್ಯಾನನ್ನು ಶಾಲೆಯ ಬಾಗಿಲಿಗೇ ಕರೆದುಕೊಂಡು ಬಂದ.

"ನಂದು ಇನ್ನೂ ಹಣ್ಣ ಆಗಿಲ್ರಿ ಗುರೂಜಿ," ಎಂದರು ಮುತ್ಯಾ.

ಪಕ್ಕದಲ್ಲಿದ್ದ ಮೊಮ್ಮಗ ಅವರ ಕೋಲು ಹಿಡಿದು ನಿಂತಿದ್ದ. ಸೋಮವಾರ ಮುಂಜಾನೆಯ ಮಿರಜ ಬಸ್ಸಿಗೆ ಸ್ಟ್ಯಾಂಡಿಗೆ ಬಂದು ನಿಲ್ಲಬೇಕು, ಆಧಾರ ಕಾರ್ಡು ತರಬೇಕು, ಜೊತೆಗೆ ಮನೆಯವರೊಬ್ಬರು ಬೇಕು ಎಂದು ಚೀಟಿ ಬರೆದು ಮೊಮ್ಮಗನ ಕೈಗೆ ಕೊಟ್ಟೆ.